ಹುಳುಹಾವು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಈ ಐದು ತಾಲೂಕುಗಳ ಸೀಮೆಯಲ್ಲಿ ಮಳೆಯು ಅತಿಥಿಯಂತೆ ಬಂದು ಹೋಗುವುದೇ ಹೊರತು ಮನೆಯವನಂತೆ ನೆಲಸುವುದಿಲ್ಲ. ಚೈತ್ರ ವೈಶಾಖಗಳ ಬಿಸಿಲಿಗೆ ಎರೆಯ ಹೊಲಗಳು ಅಂಗೈ ಹೊಗುವಷ್ಟು ಬಿರುಕುಬಿಟ್ಟಿರುವುವು. ಮಸಾರಿಯ ನೆಲವು ಕಾದ ಹೆಂಚಿನಂತಿರುವುದು. ಹೀಗಿರುವಲ್ಲಿ ರೋಹಿಣಿಯೋ ಮೃಗಶಿರೆಯೋ ಒಂದು ಸಂಜೆ ಗುಡುಗಿ ನಾಲ್ಕು ಹನಿ ಚೆಲ್ಲಿತೆಂದರೆ, ಭೂಮಿಯು ತನ್ನೊಳಗೆ ಅಡಗಿಸಿಟ್ಟುಕೊಂಡಿದ್ದುದನ್ನೆಲ್ಲ ಒಮ್ಮೆಗೇ ಹೊರಕ್ಕೆ ಬಿಡುವುದು. ಗೆದ್ದಲು ರೆಕ್ಕೆಗಳನ್ನು ಪಡೆದು ದೀಪವನ್ನು ಮುತ್ತುವುದು. ಒಣಗಿದ ಗುಂಡಿಗಳಲ್ಲಿ ಎಲ್ಲಿದ್ದುವೋ ಎಂಬಂತೆ ಕಪ್ಪೆಗಳು ಕೂಗುವುವು. ಅಂದಿನ ರಾತ್ರಿಯೇ ಯಾವುದೋ ಒಂದು ಮನೆಯ ಬಚ್ಚಲಿನಲ್ಲಿ, ಕೈಕಾಲು ತೊಳೆಯಹೋದ ಸೊಸೆಯ ಕಣ್ಣಿಗೆ, ಕಲ್ಲಿನ ಸಂದಿಯಿಂದ ಹೊರಬಿದ್ದು ಹೊರಳಾಡುವ ಕಪ್ಪು ದಾರದ ಎಳೆಯೊಂದು ಕಾಣುವುದು.

"ಹಾವಿನ ಮರಿ!" ಎಂಬ ಕೂಗು ಏಳುವುದು. ಮನೆಯ ಗಂಡಸು ಕೋಲು ಹಿಡಿದು ಬರುವನು. ಮಕ್ಕಳು ಬಾಗಿಲಲ್ಲಿ ಗುಂಪುಗೂಡುವರು. ಒಬ್ಬನು ಮೊಬೈಲಿನ ಬೆಳಕು ಹಿಡಿಯುವನು. ಅರೆನಿಮಿಷದಲ್ಲಿ ಎಲ್ಲವೂ ಮುಗಿಯುವುದು. ತರುವಾಯ, ಮರಿ ಇದ್ದಲ್ಲಿ ತಾಯಿಯೂ ಇರಬೇಕೆಂಬ ತರ್ಕದಿಂದ ಬಚ್ಚಲ ಕಲ್ಲುಗಳನ್ನೆಲ್ಲ ಕೀಳುವರು. ತಾಯಿ ಸಿಕ್ಕುವುದಿಲ್ಲ. ಏಕೆಂದರೆ ಸತ್ತುದು ಮರಿಯಲ್ಲ, ಅದೇ ತಾಯಿ. ಪೂರ್ಣಾಯುಷ್ಯವನ್ನು ಹೊಂದಿ ಬೆಳೆದು ನಿಂತ ಪ್ರಾಣಿಯೇ ಅಷ್ಟು ಚಿಕ್ಕದು. ಅದರ ಹೆಸರು ಹುಳುಹಾವು. ಕುರುಡುಹಾವೆಂದು ಕರೆಯುವವರೂ ಉಂಟು.

ಗೇಣುದ್ದವೂ ಇಲ್ಲದ, ಪಾದರಕ್ಷೆಯ ದಾರದಷ್ಟೇ ದಪ್ಪನಾದ ಈ ಪ್ರಾಣಿಯನ್ನು ಒಮ್ಮೆ ಕೊಲ್ಲದೆ ನೋಡಿದವರಿಗೆ ಅದರ ರಚನೆಯು ಆಶ್ಚರ್ಯವನ್ನುಂಟುಮಾಡದೆ ಇರದು. ಮೈ ಕಪ್ಪು ಅಥವಾ ಕಂದು. ಎಣ್ಣೆ ಸವರಿದಂತೆ ಹೊಳಪು. ಬೇರೆ ಹಾವುಗಳಿಗೆ ಹೊಟ್ಟೆಯ ಕೆಳಗೆ ಅಗಲವಾದ ಪಟ್ಟೆಯಂಥ ಹುರುಪೆಗಳಿರುವುವು. ಇದಕ್ಕೆ ಮೇಲೆ ಕೆಳಗೆ ಎಂಬ ಭೇದವಿಲ್ಲದೆ ಮೈಯ ಸುತ್ತಲೂ ಒಂದೇ ಸಮನಾದ ನುಣುಪು ಹುರುಪೆಗಳ ೨೦ ಸಾಲುಗಳು. ಕತ್ತು ಎಂಬುದಿಲ್ಲ, ತಲೆಯೂ ಬಾಲವೂ ಒಂದೇ ದಪ್ಪ. ಬಾಲದ ತುದಿಯಲ್ಲಿ ಮೊಳ್ಳೆಯಂಥ ಒಂದು ಮುಳ್ಳು. ಕಣ್ಣುಗಳೋ, ಹುರುಪೆಯ ಕೆಳಗೆ ಮಸುಕಾಗಿ ತೋರುವ ಎರಡು ಕಪ್ಪು ಚುಕ್ಕೆಗಳು. ಅವು ಬೆಳಕು ಕತ್ತಲೆಗಳನ್ನು ಅರಿಯಬಲ್ಲವೇ ಹೊರತು ರೂಪವನ್ನು ಅರಿಯಲಾರವು. ಎರೆಹುಳುವೆಂದು ಭ್ರಮಿಸುವವರು ಎರಡು ಗುರುತುಗಳನ್ನು ನೋಡಬೇಕು. ಎರೆಹುಳುವಿನ ಮೈಯಲ್ಲಿ ಉಂಗುರಗಳುಂಟು, ಲೋಳೆಯುಂಟು. ಇದರ ಮೈ ಒಣಗಿದುದು, ನುಣುಪಾದುದು. ಎರೆಹುಳುವಿಗೆ ನಾಲಗೆಯಿಲ್ಲ, ಇದು ಕ್ಷಣಕ್ಕೊಮ್ಮೆ ನೂಲಿಗಿಂತ ತೆಳ್ಳಗಿನ ಸೀಳುನಾಲಗೆಯನ್ನು ಹೊರಚಾಚಿ ದಾರಿಯನ್ನು ಕೇಳಿಕೊಳ್ಳುವುದು.

ತಲೆ ಬಾಲಗಳ ಈ ಸಾಮ್ಯವೇ ಅದಕ್ಕೆ ಎರಡು ತಲೆಯ ಹಾವೆಂಬ ಖ್ಯಾತಿಯನ್ನೂ ತಂದಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಕೋರಮಂಡಲ ತೀರದ ಹಾವುಗಳನ್ನು ಕೂಡಿಸಿ, ೧೭೯೬ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಕಿರುಹಾವಿನ ಚಿತ್ರವನ್ನೂ ಬರೆಯಿಸಿದನು. ಅಲ್ಲಿಯ ಜನರು ತೆಲುಗಿನಲ್ಲಿ ಹೇಳಿದ 'ಎರಡು ತಲೆಗಳ ಹಾವು' ಎಂಬ ಹೆಸರನ್ನೇ ತನ್ನ ಕಿವಿಗೆ ಕೇಳಿದಂತೆ ಅವನು ಗುರುತುಹಾಕಿಕೊಂಡನು. ಆ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಫ್ರಾನ್ಸ್ ದೇಶದ ದೋದಾಂ ಎಂಬ ವಿದ್ವಾಂಸನು ೧೮೦೩ರಲ್ಲಿ ಇದಕ್ಕೆ 'ಬ್ರಾಮಿನಸ್' ಎಂಬ ಶಾಸ್ತ್ರನಾಮವನ್ನು ಕೊಟ್ಟನು. ಇದು ಸೇರಿದ ಕುಟುಂಬಕ್ಕೆ ಗ್ರೀಕ್ ಭಾಷೆಯಿಂದ ಬಂದ 'ಟೈಫ್ಲೋಪಿಡೇ' ಎಂಬ ಹೆಸರು. ಕುರುಡುಗಣ್ಣಿನವು ಎಂದು ಅದರ ಅರ್ಥ. ಈ ಕುಟುಂಬದಲ್ಲಿ ೨೫೦ಕ್ಕೂ ಮಿಕ್ಕ ಜಾತಿಗಳು ಲೋಕದ ಬಿಸಿಲು ದೇಶಗಳಲ್ಲೆಲ್ಲ ಹಬ್ಬಿಕೊಂಡಿವೆ. ಒಂದಕ್ಕೂ ವಿಷವಿಲ್ಲ.

ಹೀಗೆ ಸೀಮೆಯನ್ನು ದಾಟಿದ ವಿದ್ವಾಂಸರು ಇದಕ್ಕೆ ಬ್ರಾಹ್ಮಣನ ಹೆಸರನ್ನಿಟ್ಟುದು ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಒಂದು ವಿನೋದವನ್ನೊದಗಿಸುವುದು. 'ದ್ವಿಜ' ಶಬ್ದಕ್ಕೆ ಅಮರಸಿಂಹನು ಮೂರು ಅರ್ಥಗಳನ್ನು ಹೇಳಿರುವನು: ಹಲ್ಲು, ವಿಪ್ರ, ಮೊಟ್ಟೆಯಿಂದ ಹುಟ್ಟಿದ ಪ್ರಾಣಿ. ಹುಳುಹಾವು ಮೊಟ್ಟೆಯಿಂದ ಹುಟ್ಟುವುದರಿಂದ ದ್ವಿಜ, ಶಾಸ್ತ್ರನಾಮದಿಂದಲೂ ದ್ವಿಜ, ಆದರೆ ಅದರ ಕೆಳದವಡೆಯಲ್ಲಿ ಮಾತ್ರ ಒಂದೇ ಒಂದು 'ದ್ವಿಜ'ವೂ ಇಲ್ಲ. ಇರುವ ನಾಲ್ಕಾರು ಸೂಕ್ಷ್ಮವಾದ ಹಲ್ಲುಗಳೆಲ್ಲ ಮೇಲ್ದವಡೆಯಲ್ಲಿಯೇ ಇರುವುವು. ಅವು ಇರುವೆಯ ಮೊಟ್ಟೆಯನ್ನು ಒಳಕ್ಕೆ ಎಳೆದುಕೊಳ್ಳಲು ಸಾಲುವುವೇ ಹೊರತು ಮನುಷ್ಯನ ತೊಗಲಿನ ಮೇಲೆ ಗೀರನ್ನು ಕೂಡ ಮೂಡಿಸಲಾರವು.

ಅದೇ ಕೋಶದಲ್ಲಿ ಸರ್ಪಕ್ಕೆ ಹೇಳಿರುವ ಪರ್ಯಾಯಪದಗಳನ್ನು ಒಂದೊಂದಾಗಿ ಈ ಪ್ರಾಣಿಗೆ ಒಡ್ಡಿ ನೋಡಿದರೆ ಮತ್ತಷ್ಟು ಸ್ಪಷ್ಟವಾಗುವುದು. 'ವಿಷಧರ' ಎಂಬುದು ಸಲ್ಲದು. 'ಆಶೀವಿಷ' ಎಂಬುದಕ್ಕೂ ಅದೇ ಗತಿ. 'ದಂದಶೂಕ'ವೆಂದರೆ ಕಚ್ಚುವ ಸ್ವಭಾವದ್ದು, ಅದೂ ಸಲ್ಲದು. 'ಫಣಿ' ಎನ್ನಲು ಹೆಡೆಯಿಲ್ಲ. 'ಚಕ್ಷುಶ್ರವ'ವೆಂದರೆ ಕಣ್ಣನ್ನೇ ಕಿವಿಯಾಗಿ ಉಳ್ಳದ್ದು. ಕಣ್ಣೇ ಇಲ್ಲದಿದ್ದವನಿಗೆ ಅದರಿಂದ ಕೇಳುವ ಮಾತೆಲ್ಲಿ? ಕೊನೆಗೆ ಅಷ್ಟು ನಾಮಾವಳಿಯಲ್ಲಿ ಇದಕ್ಕೆ ಯಥಾರ್ಥವಾಗಿ ಹೊಂದುವುದು 'ಬಿಲೇಶಯ', ಬಿಲದಲ್ಲಿ ಮಲಗುವುದು ಎಂಬ ಒಂದೇ ಸಾಧುವಾದ ಹೆಸರು. ಉಳಿದ ಹೆಸರುಗಳ ಪಾಪವನ್ನೆಲ್ಲ ಅದು ಸುಮ್ಮನೆ ಹೊತ್ತುಕೊಂಡಿದೆ.

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ೮೦ ಬಗೆಯ ಸರ್ಪಗಳನ್ನು ವಿಂಗಡಿಸಿ ಹೇಳಿದೆ. ದರ್ವೀಕರ, ಮಂಡಲಿ, ರಾಜಿಮಂತಗಳೆಂಬ ವಿಷಸರ್ಪಗಳ ವರ್ಗಗಳಾದ ಮೇಲೆ ನಿರ್ವಿಷಗಳೆಂಬ ವರ್ಗವೊಂದನ್ನು ಪ್ರತ್ಯೇಕವಾಗಿ ಮಾಡಿ ಅದರಲ್ಲಿ ೧೨ ಹೆಸರುಗಳನ್ನು ಕೊಟ್ಟಿದೆ. ಆ ಹನ್ನೆರಡರಲ್ಲಿ ಹೆಬ್ಬಾವಿನ ಜೊತೆಗೆ 'ಅಂಧಾಹಿಕ' ಎಂಬುದೂ ಒಂದು. ಅಂಧ ಎಂದರೆ ಕುರುಡು, ಅಹಿ ಎಂದರೆ ಹಾವು. ಕುರುಡುಹಾವು ನಿರ್ವಿಷವೆಂದು ಸಂಸ್ಕೃತ ವೈದ್ಯರು ಬರೆದಿಟ್ಟು ಎಷ್ಟೋ ಶತಮಾನಗಳಾದುವು. ಬಚ್ಚಲಿನ ಕೋಲಿಗೆ ಮಾತ್ರ ಆ ವಾರ್ತೆ ಇನ್ನೂ ಮುಟ್ಟಿಲ್ಲ.

ಈ ಐದು ತಾಲೂಕುಗಳು ಅಂಥ ಪ್ರಾಣಿಗೆ ತಕ್ಕ ನೆಲೆ ಹೇಗಾದುವೆಂಬುದು ವಿಚಾರ್ಯ. ಹೊಲಗಳ ಬದುಗಳಲ್ಲಿ, ಗುಡ್ಡಗಳ ಇಳುಕಲಿನಲ್ಲಿ, ಹಾಳುಬಿದ್ದ ಕೋಟೆಗಳ ಬುಡದಲ್ಲಿ, ಎಲ್ಲಿ ನೋಡಿದರೂ ಹುತ್ತಗಳು. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂದು ಜನರು ಪರರ ಸ್ವತ್ತನ್ನು ನುಂಗುವವರಿಗೆ ದೃಷ್ಟಾಂತ ಕೊಡುವುದುಂಟು. ನಾಗರಹಾವಿನ ವಿಷಯದಲ್ಲಿ ಆ ದೃಷ್ಟಾಂತ ಸರಿಯೇ; ಅದು ಇಲಿಯನ್ನು ಅಟ್ಟಿಕೊಂಡು ಬಂದ ಪರಸ್ಥಳದವನು. ಹುಳುಹಾವಾದರೋ ಹುತ್ತದ ಒಕ್ಕಲು. ಅದರ ಆಹಾರವೇ ಗೆದ್ದಲು, ಇರುವೆಯ ಮೊಟ್ಟೆ, ಅವುಗಳ ಮರಿ. ಸೂಜಿಯ ಕಣ್ಣಿನಲ್ಲಿ ನೂಲು ಹೊಕ್ಕಂತೆ ಗೆದ್ದಲಿನ ಸುರಂಗಗಳನ್ನು ಹೊಕ್ಕು, ಮೂಸಿ ಹಾದಿಯನ್ನು ಕಂಡುಹಿಡಿದು, ಒಂದೊಂದನ್ನಾಗಿ ನುಂಗುವುದು. ೨೦೧೫ರಲ್ಲಿ ಜಪಾನಿನ ವಿದ್ವಾಂಸರು ಇದು ಗೆದ್ದಲನ್ನು ಉಣ್ಣುವ ಕ್ರಮವನ್ನು ನೋಡಿ ಬರೆದರು. ಜೀರ್ಣವಾಗದ ತಲೆಯನ್ನು ಅದು ನೆಲಕ್ಕೆ ಉಜ್ಜಿ ಮುರಿದು ಚೆಲ್ಲಿ, ಮೆತ್ತಗಿನ ಒಡಲನ್ನಷ್ಟೇ ನುಂಗುವುದನ್ನು ಅವರು ಎಷ್ಟೋ ಸಲ ಕಂಡರಂತೆ. ಹಲಸಿನ ತೊಳೆಯನ್ನು ಬಿಡಿಸಿ ಬೀಜವನ್ನು ಬಿಸುಡುವ ಮನುಷ್ಯನಿಗಿಂತ ಅದರ ವಿವೇಕ ಕಡಿಮೆಯೆಂದು ಹೇಳುವಂತಿಲ್ಲ.

ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಬಂಡೆಗಳಲ್ಲಿ ಕರಡಿಗಳಿಗಾಗಿ ಸರಕಾರವು ಒಂದು ಅಭಯಾರಣ್ಯವನ್ನು ಏರ್ಪಡಿಸಿರುವುದು ವಾಚಕರಿಗೆ ತಿಳಿದ ಸಂಗತಿ. ಆ ಕರಡಿಯೂ ಉಗುರಿನಿಂದ ಹುತ್ತವನ್ನು ಬಗೆದು, ಮೂತಿಯಿಟ್ಟು ಸದ್ದುಮಾಡಿ ಗೆದ್ದಲನ್ನೇ ಹೀರುವುದು. ಒಂದೇ ಸೀಮೆ, ಒಂದೇ ಹುತ್ತ, ಒಂದೇ ಊಟ. ಒಂದು ಹೊರಗೆ ನಿಂತು ಬಾಗಿಲನ್ನು ಮುರಿದು ಉಣ್ಣುವುದು; ಇನ್ನೊಂದು ಒಳಗೆ ಹೊಕ್ಕು ಸದ್ದಿಲ್ಲದೆ ಉಣ್ಣುವುದು. ದೊಡ್ಡದಕ್ಕೆ ಅಭಯಾರಣ್ಯವಾಯಿತು, ಚಿಕ್ಕದಕ್ಕೆ ಅಭಯವೆಂಬುದು ಕಲ್ಲಿನ ಸಂದಿಯಷ್ಟೇ. ಮನೆಯ ತೊಲೆ, ಬಾಗಿಲ ಚೌಕಟ್ಟು, ಪೆಟ್ಟಿಗೆಯ ಹಳೆಯ ಪುಸ್ತಕ, ಕಣಜದ ಬುಡ, ಇವುಗಳಿಗೆ ಗೆದ್ದಲು ಹತ್ತಿದರೆ ಎಷ್ಟು ಹಾನಿಯೆಂಬುದನ್ನು ಬಲ್ಲ ಗೃಹಸ್ಥನು, ಅದೇ ಗೆದ್ದಲನ್ನು ಸಂಬಳವಿಲ್ಲದೆ ಕಾಯುವ ಈ ಆಳನ್ನು ತಾನೇ ಕೊಂದು ಹೊರಗೆಸೆಯುವುದು ಎಂಥ ವ್ಯವಹಾರ!

ಹೂವಿನ ಹಡಗಲಿಗೂ ಈ ಹಾವಿಗೂ ಒಂದು ಬಗೆಯ ನಂಟು ಉಂಟು. ಹಡಗಲಿಯ ಮಲ್ಲಿಗೆಯ ಕೀರ್ತಿ ದೊಡ್ಡದು; ಭೌಗೋಳಿಕ ಸೂಚಕವೆಂಬ ರಾಜಮುದ್ರೆಯನ್ನೂ ಅದು ಪಡೆದಿದೆ. ನೀರುಂಡು ತಣ್ಣಗಿರುವ ಹೂದೋಟದ ಮಣ್ಣೇ ಹುಳುಹಾವಿಗೆ ಪ್ರಿಯವಾದ ಮನೆ. ಗಿಡದ ಬೇರಿನ ಮಣ್ಣಿನಲ್ಲಿ ಅದು ಅಡಗಿರುವಾಗಲೇ ಗಿಡವನ್ನು ಕುಂಡಕ್ಕೆ ಇಳಿಸಿ ಹಡಗಿಗೆ ಏರಿಸಿದವರುಂಟು. ಹೀಗೆ ಕುಂಡದೊಳಗೆ ಕುಳಿತು ಈ ಕುರುಡು ಪ್ರಾಣಿಯು ಆಫ್ರಿಕಕ್ಕೆ, ಆಸ್ಟ್ರೇಲಿಯಕ್ಕೆ, ಅಮೆರಿಕಕ್ಕೆ, ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋಗಿ ನೆಲಸಿತು. ಹವಾಯಿ ದ್ವೀಪಗಳಲ್ಲಿ ನೆಲೆನಿಂತ ನೆಲದ ಹಾವು ಇದೊಂದೇ. ಲೋಕದ ನೆಲದ ಹಾವುಗಳಲ್ಲೆಲ್ಲ ಅತ್ಯಂತ ವಿಸ್ತಾರವಾಗಿ ಹರಡಿದುದು ಇದೇ ಎಂದು ಪ್ರಾಣಿಶಾಸ್ತ್ರಜ್ಞರು ಹೇಳುವರು. ಪರದೇಶಗಳಲ್ಲಿ ಅದನ್ನು ಹೂಕುಂಡದ ಹಾವೆಂದೇ ಕರೆಯುವರು. ತನ್ನ ಊರಿನಲ್ಲಿ ಬಚ್ಚಲನ್ನು ದಾಟಲಾರದೆ ಸಾಯುವುದು, ಕಣ್ಣಿಲ್ಲದೆಯೇ ಏಳು ಸಮುದ್ರಗಳನ್ನು ದಾಟಿತು.

ಒಂದೇ ಒಂದು ಹಾವು ಕುಂಡದಲ್ಲಿ ಹೋಗಿ ದ್ವೀಪವನ್ನೆಲ್ಲ ತುಂಬುವುದು ಹೇಗೆ ಎಂದು ವಾಚಕರು ಕೇಳಬಹುದು. ಅದರ ಉತ್ತರವು ಕಥೆಗಿಂತ ಆಶ್ಚರ್ಯಕರವಾದುದು. ಈ ಜಾತಿಯಲ್ಲಿ ಗಂಡೇ ಇಲ್ಲ. ಕಂಡುದೆಲ್ಲ ಹೆಣ್ಣು. ಗಂಡಿನ ಸಂಗವಿಲ್ಲದೆಯೇ ಹೆಣ್ಣು ಕೆಲವೇ ಸಣ್ಣ ಮೊಟ್ಟೆಗಳನ್ನಿಡುವುದು. ಅವುಗಳಿಂದ ತಾಯಿಯ ಪಡಿಯಚ್ಚಿನಂತೆ ಹೆಣ್ಣುಮರಿಗಳೇ ಹೊರಬರುವುವು. ಜೀವಕೋಶದಲ್ಲಿ ಎರಡರ ಬದಲು ಮೂರು ಪಾಲು ವಂಶತಂತುಗಳಿರುವುದನ್ನು ಪಾಶ್ಚಾತ್ಯ ವಿದ್ವಾಂಸರು ೧೯೮೭ರಲ್ಲಿ ತೋರಿಸಿಕೊಟ್ಟರು. ಸದಾ ಕಾಲವೂ ಹೀಗೆಯೇ ವಂಶವನ್ನು ನಡೆಸುವ ಹಾವು ಲೋಕದಲ್ಲಿ ಇದೊಂದೇ ಗೊತ್ತಿರುವುದು. ಜೈಮಿನಿ ಭಾರತದಲ್ಲಿ ಅರ್ಜುನನ ಕುದುರೆಯನ್ನು ಕಟ್ಟಿದ ಪ್ರಮೀಲೆಯ ಸ್ತ್ರೀರಾಜ್ಯದ ಕಥೆಯನ್ನು ಕೇಳಿ ತಲೆದೂಗಿದ ಮನೆಯ ಬಚ್ಚಲಿನಲ್ಲಿಯೇ ಅಂಥ ರಾಜ್ಯವೊಂದು ಯಾವ ಗಮಕಿಯ ಹಂಗೂ ಇಲ್ಲದೆ ನಡೆದುಕೊಂಡು ಬಂದಿದೆ. ಅಲ್ಲಿ ಒಂದನ್ನು ಕೊಂದವನು ಒಬ್ಬ ತಾಯಿಯನ್ನೇ ಕೊಂದಂತೆ.

ಇದರ ದಾಯಾದಿಗಳ ವಿಷಯದಲ್ಲಿಯೂ ಒಂದು ಮಾತು ಸಲ್ಲುವುದು. ಅಮೆರಿಕದ ಟೆಕ್ಸಾಸ್ ಸೀಮೆಯಲ್ಲಿ ಇದರ ಸಮೀಪದ ಬೇರೊಂದು ಕುಟುಂಬಕ್ಕೆ ಸೇರಿದ ಕುರುಡುಹಾವುಗಳುಂಟು. ಅಲ್ಲಿಯ ಸಣ್ಣ ಜಾತಿಯ ಗೂಬೆಗಳು ಮರಿಗಳ ಆಹಾರಕ್ಕೆಂದು ತರುವ ಬೇಟೆಯನ್ನೆಲ್ಲ ಕೊಂದು ತಂದರೂ ಈ ಹಾವುಗಳನ್ನು ಬಹುಮಟ್ಟಿಗೆ ಜೀವಂತವಾಗಿಯೇ ಗೂಡಿಗೆ ತರುವುವು. ಅವು ಗೂಡಿನ ಕಸದೊಳಕ್ಕೆ ಇಳಿದು ಅಲ್ಲಿಯ ಹುಳುಗಳನ್ನು ತಿಂದು ಬದುಕುವುವು. ಅಂಥ ಹಾವುಗಳಿದ್ದ ಗೂಡಿನ ಮರಿಗಳು ಇಲ್ಲದ ಗೂಡಿನವಕ್ಕಿಂತ ಬೇಗನೆ ಬೆಳೆದುವೆಂದು ೧೯೮೭ರಲ್ಲಿ ಇಬ್ಬರು ಸಂಶೋಧಕರು ಬರೆದರು. ಅಪಶಕುನದ ಪಕ್ಷಿಯೆಂದು ಮನುಷ್ಯನು ಬೈಯುವ ಗೂಬೆಗೆ ಇರುವ ಗುಣಗ್ರಾಹಿತ್ವ ಮನುಷ್ಯನಿಗೆ ಇಲ್ಲದೆ ಹೋಯಿತೆ?

ಇಲ್ಲವೆನ್ನಲು ಕಾರಣ ಭಯ. ಇದು ಮಲಗಿದವರ ಕಿವಿಯನ್ನು ಹೊಗುವುದೆಂಬ ಭೀತಿ ದಕ್ಷಿಣದೇಶದಲ್ಲೆಲ್ಲ ಉಂಟು. ಮಣ್ಣಿನ ತಂಪನ್ನೂ ಗೆದ್ದಲಿನ ವಾಸನೆಯನ್ನೂ ಹಿಡಿದು ನಡೆಯುವ ಪ್ರಾಣಿಗೆ ಮನುಷ್ಯನ ಕಿವಿಯಲ್ಲಿ ಏನು ಕೆಲಸ? ಅಲ್ಲಿ ಇರುವೆಯ ಮೊಟ್ಟೆ ಇಲ್ಲ. ಹಿಡಿದವರ ಬೆರಳಿಗೆ ಅದು ಬಾಲದ ಮುಳ್ಳನ್ನು ಒತ್ತುವುದುಂಟು. ಅದು ಕಚ್ಚುವುದೂ ಅಲ್ಲ, ಕುಟುಕುವುದೂ ಅಲ್ಲ. ಸಡಿಲವಾದ ಮಣ್ಣಿನಲ್ಲಿ ಮೈಯನ್ನು ಮುಂದಕ್ಕೆ ನೂಕಿಕೊಳ್ಳಲು ಅದಕ್ಕಿರುವ ಊರುಗೋಲು. ಕುರುಡನು ಊರುಗೋಲನ್ನು ಊರಿದನೆಂದು ಅವನ ಮೇಲೆ ದೊಣ್ಣೆಯೆತ್ತುವ ನ್ಯಾಯ ಯಾವ ಸ್ಮೃತಿಯಲ್ಲಿಯೂ ಇಲ್ಲ.

ಮಹಾಭಾರತದ ಆದಿಪರ್ವದಲ್ಲಿ ರುರುವಿನ ಉಪಾಖ್ಯಾನವುಂಟು. ಪ್ರಮದ್ವರೆಯೆಂಬ ತನ್ನ ವಧುವನ್ನು ಹಾವು ಕಚ್ಚಿದುದರಿಂದ ರೋಷಗೊಂಡ ರುರುವು, ತನ್ನ ಆಯುಷ್ಯದಲ್ಲಿ ಅರ್ಧವನ್ನು ಕೊಟ್ಟು ಅವಳನ್ನು ಬದುಕಿಸಿಕೊಂಡ ಮೇಲೆಯೂ ಶಾಂತನಾಗದೆ, ಕಂಡ ಕಂಡ ಹಾವುಗಳನ್ನೆಲ್ಲ ದೊಣ್ಣೆಯಿಂದ ಕೊಲ್ಲುತ್ತ ತಿರುಗಿದನು. ಒಂದು ದಿನ ಕಾಡಿನಲ್ಲಿ ಮುದಿಯಾದ ಡುಂಡುಭವೊಂದು ಅವನ ಕಣ್ಣಿಗೆ ಬಿದ್ದಿತು. ಡುಂಡುಭವೆಂದರೆ ವಿಷವಿಲ್ಲದ ಹಾವು. ಎತ್ತಿದ ದೊಣ್ಣೆಯ ಕೆಳಗಿಂದ ಅದು, ತಾನು ಅವನಿಗೆ ಯಾವ ಅಪರಾಧವನ್ನೂ ಮಾಡಿಲ್ಲವೆಂದೂ, ಮನುಷ್ಯರನ್ನು ಕಚ್ಚುವ ಹಾವುಗಳು ಬೇರೆಯೆಂದೂ, ರೂಪಸಾಮ್ಯದಿಂದ ತನ್ನಂಥವರನ್ನು ಕೊಲ್ಲಬಾರದೆಂದೂ ಹೇಳಿತು. ಅದು ಶಾಪದಿಂದ ಹಾವಾದ ಋಷಿ. ಶಾಪದ ಕಾರಣವೋ ಇನ್ನೂ ಮಾರ್ಮಿಕವಾದುದು: ಹಿಂದೆ ಅವನು ಹುಲ್ಲಿನಿಂದ ಹಾವನ್ನು ಮಾಡಿ ಗೆಳೆಯನನ್ನು ಹಾಸ್ಯಕ್ಕೆ ಬೆದರಿಸಿದ್ದನು, ಗೆಳೆಯನು ಮೂರ್ಛೆಹೋಗಿ, ಎಚ್ಚತ್ತು, ಶಪಿಸಿದನು. ಹುಲ್ಲಿನ ಹಾವಿಗೂ ಮೂರ್ಛೆಗೊಳಿಸುವ ಶಕ್ತಿಯುಂಟೆಂಬುದನ್ನು ವ್ಯಾಸರು ಬಲ್ಲರು. ವೈದ್ಯರೂ ಬಲ್ಲರು. ಹಾವಿನ ಮೈ ತಾಗಿದ ಮಾತ್ರದಿಂದ ಹೇಡಿಯಾದವನಿಗೆ ಭಯದಿಂದ ವಾತವು ಕೆರಳಿ ಬಾವು ಬರುವುದನ್ನು ಸುಶ್ರುತನು ಹೇಳಿರುವನು. ಕತ್ತಲೆಯಲ್ಲಿ ಏನೋ ಕಚ್ಚಿತೆಂಬ ಶಂಕೆಯಿಂದಲೇ ಜ್ವರ ಮೂರ್ಛೆಗಳುಂಟಾಗುವುದನ್ನು ಚರಕಸಂಹಿತೆಯು ಶಂಕಾವಿಷವೆಂದು ಕರೆದು, ಸಾಂತ್ವನವನ್ನೇ ಮುಖ್ಯ ಚಿಕಿತ್ಸೆಗಳಲ್ಲೊಂದಾಗಿ ವಿಧಿಸಿರುವುದು.

ಇಷ್ಟಕ್ಕೆ ನಿಂತಿದ್ದರೆ ಇದು ಒಂದು ಬಡಪ್ರಾಣಿಯ ದುರದೃಷ್ಟದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ನಿರಪರಾಧಿಗೆ ವಿಧಿಸಿದ ದಂಡವು ಅಲ್ಲಿಯೇ ನಿಲ್ಲುವುದಿಲ್ಲ. ಅದು ತಿರುಗಿ ಮನೆಗೇ ಬರುವುದು.

ಕೊಟ್ಟೂರಿಗೆ ಸಮೀಪದ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಹೊಲದ ಒಂದು ಒಕ್ಕಲು ಮನೆ. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು, ಒಬ್ಬ ಮುದುಕಿ. ಮುಂಗಾರಿನ ಒಂದು ರಾತ್ರಿ ಆ ಹುಡುಗಿ ಬಚ್ಚಲ ಬದಿಯ ಬೋಗುಣಿಯನ್ನೆತ್ತುವಾಗ ಹುಳುಹಾವೊಂದು ಬೆರಳಿಗೆ ಸುತ್ತಿಕೊಂಡು ಬಾಲದ ಮುಳ್ಳನ್ನು ಒತ್ತಿತು. ಹುಡುಗಿ ಚೀರಿ ಬಿದ್ದಳು. ನೋಡುನೋಡುತ್ತಿರುವಂತೆ ಮೈ ಬೆವರಿತು, ಉಸಿರು ಮೇಲಕ್ಕೆ ಹತ್ತಿತು, ಕೈ ಜೋಮು ಹಿಡಿಯಿತೆಂದು ಅತ್ತಳು. ನೆರೆಯ ಊರಿನಿಂದ ಮಂತ್ರ ಹಾಕುವವನನ್ನು ಕರೆತಂದರು. ಅವನು ಬೇವಿನ ಸೊಪ್ಪಿನಿಂದ ನಿವಾಳಿಸಿ, ನೀರನ್ನು ಮಂತ್ರಿಸಿ ಮುಖಕ್ಕೆ ಎರಚಿ, ಇನ್ನು ಅಂಜಬೇಡವೆಂದನು. ಗಳಿಗೆಯೊಳಗೆ ಹುಡುಗಿ ಎದ್ದು ಕುಳಿತು ಅನ್ನ ಕೇಳಿದಳು. ಮನೆಯವರು ಅವನ ಕಾಲಿಗೆ ಬಿದ್ದು ತೆಂಗಿನಕಾಯಿ, ಪಂಚೆ, ದಕ್ಷಿಣೆಗಳನ್ನು ಕೊಟ್ಟು ಕಳುಹಿಸಿದರು. ಅವನು ಮೋಸಗಾರನಲ್ಲ, ತನ್ನ ಮಂತ್ರದಲ್ಲಿ ಅವನಿಗೂ ನಂಬಿಕೆಯಿತ್ತು. ಮಂತ್ರದಿಂದ ಭಯ ಹೋಯಿತು, ಭಯವೊಂದೇ ಅಲ್ಲಿದ್ದ ರೋಗ. ಆದರೆ ಊರಿನವರ ಲೆಕ್ಕದಲ್ಲಿ ಮಂತ್ರವು ವಿಷವನ್ನು ಇಳಿಸಿದ್ದಿತು.

ಮೂರು ವರ್ಷಗಳಾದುವು. ಶೇಂಗಾ ಕಿತ್ತು ಒಣಹಾಕಿದ ಕಾಲ. ಮನೆಯ ಯಜಮಾನನು ಕಾಯಿ ರಾಶಿಯ ಮಗ್ಗುಲಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದನು. ಬೆಳಗಿನ ಜಾವಕ್ಕೆ ಮುಂಚೆ ಹೊಟ್ಟೆಯಲ್ಲಿ ನೋವೆಂದು ಎದ್ದನು. ಎಲ್ಲಿಯೂ ಗಾಯ ಕಾಣಲಿಲ್ಲ. ಚಾಪೆಯನ್ನು ಕೊಡಹಿದಾಗ ಅಡಿಯಿಂದ ಬಿಳಿಯ ಪಟ್ಟೆಗಳ ಕಪ್ಪು ಹಾವೊಂದು ಹರಿದುಹೋಯಿತು. ಮುದುಕಿ ಗಾಡಿ ತರಿಸೆಂದಳು. ಅವನೇ ಬೇಡವೆಂದನು. "ಮಗಳನ್ನ ಉಳಿಸಿದಾತನ್ನ ಕರೀರಿ" ಎಂದು ಹೇಳಿ ಗೋಡೆಗೊರಗಿ ಕುಳಿತನು. ಮಂತ್ರದವನು ಬಂದನು, ಮೊದಲಿನಂತೆಯೇ ನಿವಾಳಿಸಿದನು, ಮೊದಲಿನಂತೆಯೇ ನೀರೆರಚಿದನು. ಆದರೆ ಈ ಸಾರಿ ಒಳಗಿದ್ದುದು ಭಯವಲ್ಲ. ಯಜಮಾನನ ರೆಪ್ಪೆಗಳು ಎತ್ತಿದರೂ ನಿಲ್ಲದೆ ಜೋತುಬಿದ್ದುವು, ಉಗುಳು ನುಂಗಲಾರದೆ ಹೋದನು, ಮಾತು ತೊದಲಿತು. ಮಂತ್ರದವನೇ ಮೊದಲು ಹೆದರಿ, ಆಸ್ಪತ್ರೆಗೆ ಒಯ್ಯಿರೆಂದನು. ಆ ಹೊತ್ತಿಗೆ ಬಿಸಿಲೇರಿತ್ತು. ದಾರಿಯಲ್ಲಿಯೇ ಉಸಿರು ನಿಂತಿತು.

ಅಪರಾಧಿ ಯಾರು? ಕಚ್ಚಿದುದು ಕಟ್ಟುಹಾವು. ಆದರೆ ಅವನನ್ನು ಮನೆಯಲ್ಲಿ ಕೂರಿಸಿದುದು, ಮೂರು ವರ್ಷಗಳ ಹಿಂದೆ ಬಚ್ಚಲಿನಲ್ಲಿ ಸತ್ತ ಹುಳುಹಾವಿನ ಮೇಲೆ ಹೊರಿಸಿದ ಸುಳ್ಳು. ವಿಷವಿಲ್ಲದ ಹಾವಿಗೆ ವಿಷವುಂಟೆಂದು ನಂಬಿದುದರಿಂದಲೇ, ವಿಷವುಳ್ಳ ಹಾವಿಗೆ ಔಷಧವುಂಟೆಂಬ ನಂಬಿಕೆ ತಪ್ಪಿದ ಕಡೆ ನೆಟ್ಟಿತು. ನಿರ್ವಿಷ ಪ್ರಾಣಿಗಳ ದೆಸೆಯಿಂದ ಮಂತ್ರಕ್ಕೆ ಕೀರ್ತಿ. ಆ ಕೀರ್ತಿಯ ದೆಸೆಯಿಂದ ಮನೆಗೆ ಮರಣ. ೨೦೦೦ದಿಂದ ೨೦೧೯ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭರತಖಂಡದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷವೆಂದು ೨೦೨೦ರಲ್ಲಿ ಪ್ರಕಟವಾದ ಒಂದು ಗಣನೆಯು ಹೇಳುವುದು. ವರ್ಷಕ್ಕೆ ಸರಾಸರಿ ೫೮,೦೦೦. ಅವರಲ್ಲಿ ಬಹುಮಂದಿ ಹಳ್ಳಿಗಳಲ್ಲಿ, ಮಳೆಗಾಲದ ತಿಂಗಳುಗಳಲ್ಲಿ, ಆಸ್ಪತ್ರೆಯನ್ನು ಮುಟ್ಟದೆ ಮನೆಯಲ್ಲಿಯೇ ಸತ್ತವರು. ಕರ್ನಾಟಕ ಸರಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು ವೈದ್ಯರು ಕಡ್ಡಾಯವಾಗಿ ವರದಿಮಾಡಬೇಕಾದ ವಿಷಯವೆಂದು ಸಾರಿದುದು ಈ ಕಾರಣದಿಂದಲೇ.

ಆದುದರಿಂದ ಪ್ರತಿಯೊಂದು ಮನೆಯಲ್ಲಿಯೂ ಮಕ್ಕಳಿಗೆ ಮಗ್ಗಿಯೊಡನೆ ಕಲಿಸತಕ್ಕ ಪಾಠವೊಂದುಂಟು. ಈ ಸೀಮೆಯಲ್ಲಿ ಪ್ರಾಣಕ್ಕೆ ಎರವಾಗುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಇವುಗಳಲ್ಲಿ ಹುಳುಹಾವಿನೊಡನೆ ಗೊಂದಲಕ್ಕೆ ಎಡೆಗೊಡಬಹುದಾದುದು ಕಟ್ಟುಹಾವಿನ ಮರಿ. ಅದೂ ಕಪ್ಪು, ಅದೂ ಹೊಳಪು. ಆದರೆ ಮೊಟ್ಟೆಯೊಡೆದು ಬಂದಾಗಲೇ ಅದು ಗೇಣಿಗಿಂತ ಉದ್ದ, ಸೀಸದ ಕಡ್ಡಿಯ ದಪ್ಪ. ಮೈಮೇಲೆ ಬಿಳಿಯ ಪಟ್ಟೆಗಳು ಎದ್ದು ಕಾಣುವುವು, ಕಣ್ಣು ಸ್ಪಷ್ಟವಾಗಿರುವುದು. ಹುಳುಹಾವಿಗೆ ಪಟ್ಟೆಯೇ ಇಲ್ಲ, ಕಣ್ಣು ಚುಕ್ಕೆ ಮಾತ್ರ. ಸಂದೇಹವಿದ್ದಲ್ಲಿ ಮುಟ್ಟಬಾರದು, ಪರೀಕ್ಷೆಗೆ ಇಳಿಯಬಾರದು. ಏನಾದರೂ ಕಚ್ಚಿತೆಂದರೆ ಯಾವ ಹಾವೆಂಬ ತರ್ಕವನ್ನು ಮನೆಯಲ್ಲಿ ಮಾಡದೆ, ಬಿಗಿಯಾಗಿ ಕಟ್ಟದೆ, ಗಾಯವನ್ನು ಕೊಯ್ಯದೆ, ಅಂಗವನ್ನು ಅಲುಗಿಸದೆ, ೧೦೮ರ ವಾಹನದಲ್ಲಿಯೋ ಸಿಕ್ಕಿದ ಗಾಡಿಯಲ್ಲಿಯೋ ಆಸ್ಪತ್ರೆಗೆ ಒಯ್ಯಬೇಕು. ಕುದುರೆಗಳ ರಕ್ತದಿಂದ ತಯಾರಿಸುವ ಪ್ರತಿವಿಷವು ಈ ನಾಲ್ಕು ಹಾವುಗಳ ವಿಷಕ್ಕೂ ಒಂದೇ ಔಷಧ. ದೇವರ ಸ್ಮರಣೆ ಬೇಕಾದವರು ಗಾಡಿಯಲ್ಲಿ ಕುಳಿತು ಮಾಡಬಹುದು. ದೇವರು ಅದನ್ನು ಅಲ್ಲಿಯೂ ಕೇಳುವನು. ನೆಲದ ಮೇಲೆ ಮಲಗುವುದನ್ನು ಬಿಡುವುದು, ಮಂಚವಿಲ್ಲದವರು ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸಿಕ್ಕಿಸಿ ಮಲಗುವುದು, ರಾತ್ರಿ ಬೆಳಕಿಲ್ಲದೆ ಹೊರಬೀಳದಿರುವುದು, ಇವು ಬಚ್ಚಲಿನ ದೊಣ್ಣೆಗಿಂತ ಸಾವಿರಪಾಲು ಹೆಚ್ಚು ಪ್ರಾಣಗಳನ್ನು ಉಳಿಸಬಲ್ಲವು.

ಆ ಒಕ್ಕಲು ಮನೆಯಲ್ಲಿ ಈಗ ಮುದುಕಿ ಇಲ್ಲ. ತಾಯಿ ಮಗಳು ಇಬ್ಬರೇ ಇರುವರು. ಮುಂಗಾರು ಬಂದಾಗ ಬಚ್ಚಲಿನಲ್ಲಿ ಹುಳುಹಾವು ಈಗಲೂ ಹೊರಬೀಳುವುದು. ತಾಯಿಯು ಕಸಬರಿಗೆಯಿಂದ ಅದನ್ನು ಮೆಲ್ಲನೆ ಮೊರದೊಳಕ್ಕೆ ಸರಿಸಿಕೊಂಡು, ಹಿತ್ತಲ ತಿಪ್ಪೆಯ ಅಂಚಿನಲ್ಲಿ ಬಿಟ್ಟು ಬರುವಳು. ಅದು ಕ್ಷಣಮಾತ್ರ ಹೊರಳಿ, ನಾಲಗೆ ಚಾಚಿ, ಹಸಿಮಣ್ಣಿನಲ್ಲಿ ತಲೆಯಿಟ್ಟು ಮಾಯವಾಗುವುದು. ನೆರೆಯ ಹೆಂಗಸೊಬ್ಬಳು ಇದನ್ನು ಕಂಡು, ಗಂಡನನ್ನು ಹಾವಿಗೆ ಒಪ್ಪಿಸಿಕೊಂಡವಳು ಹಾವನ್ನು ಬಿಡುವುದುಂಟೆ ಎಂದು ಕೇಳಿದಳಂತೆ.

"ಇದರದೇನೂ ತಪ್ಪಿಲ್ಲ ತಂಗೀ" ಎಂದಳು ಆಕೆ. "ತಿಳೀದೆ ಹೊಡದವರು ನಾವು."